ಛಿದ್ರಾನ್ವೇಷಣೆಯೂ ಒಂದು ಕಾಯಕ: ಕ್ಲೌಡ್ ಕಂಟೇನರುಗಳ ದೌರ್ಬಲ್ಯ ತಪಾಸಣೆ

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಪಶ್ಚಿಮ ಘಟ್ಟಗಳ ತಪ್ಪಲಿಗೆ ಒರಗಿಕೊಂಡಂತೆ, ನೆರಿಯವೆಂಬ ಗ್ರಾಮವಿದೆ. ಅಡಿಕೆ, ತೆಂಗು, ರಬ್ಬರು ತೋಟಗಳ ನಡುವಣ ಈ ಹಸುರು ಊರಿಗೆ ಮೊದಲ ಸಲ ಬಂದವರಿಗೆ ಆಧುನಿಕ ಯಂತ್ರವಿಜ್ಞಾನದ ಸುಳಿವೇನೂ ಕಣ್ಣಿಗೆ ಬೀಳದು. ಆದರೆ ಮಂಗಳೂರಿನ ತೈಲ ಶುದ್ಧೀಕರಣಾಗಾರದಿಂದ ಹೊರಟು, ಹಾಸನವನ್ನು ಹಾದು, ಬೆಂಗಳೂರಿನ ಸಮೀಪದ ದೇವನಗೊಂತಿಯವರೆಗೆ ಸುಮಾರು 362 ಕಿಲೋಮೀಟರು ದೂರ ನೆಲದೊಳಗೆ ಹುದುಗಿ ಸಾಗುವ ಪೆಟ್ರೋನೆಟ್ ಎಂ.ಎಚ್.ಬಿ. ಸಂಸ್ಥೆಯ ಕೊಳವೆ ಮಾರ್ಗಕ್ಕೆ, ಘಟ್ಟವನ್ನೇರುವ ಮುನ್ನ ನೂಕುಬಲವನ್ನು ಒದಗಿಸುವ ಪಂಪಿಂಗ್ ಸ್ಟೇಷನ್ ಇರುವುದು ಇದೇ ನೆರಿಯದಲ್ಲಿ. ರಾಜಧಾನಿಯಲ್ಲಿ ಓಡಾಡುವ ಎಷ್ಟೋ ವಾಹನಗಳ ಪೆಟ್ರೋಲು, ಡೀಸೆಲುಗಳು ಈ ಊರಿನ ಮಣ್ಣಿನಡಿಯಿಂದ ಹಾದುಹೋದವೆಂಬುದನ್ನು ಬೆಂಗಳೂರಿನವರು ಅರಿಯರು.

ನೆಲದೊಳಗಿನ ಇಂಥ ಕೊಳವೆಯು ಎಲ್ಲಿ ಸವೆದಿದೆ, ಎಲ್ಲಿ ತುಕ್ಕು ಹಿಡಿದಿದೆ ಎಂಬುದನ್ನು ತಿಳಿಯುವ ಬಗೆ ಹೇಗೆ? ನೂರಾರು ಕಿಲೋಮೀಟರು ಉದ್ದಕ್ಕೂ ನೆಲವನ್ನು ಅಗೆದು ನೋಡುವುದು ಆಗಹೋಗದ ಮಾತು. ಅದಕ್ಕಾಗಿ ತೈಲ ಕೊಳವೆಗಳಲ್ಲಿ ಒಂದು ಯಂತ್ರವನ್ನು ಒಳಗೇ ತೂರಿಸುತ್ತಾರೆ. ಈ ಕೆಲಸದವರ ಭಾಷೆಯಲ್ಲಿ ಅದರ ಹೆಸರು 'ಪಿಗ್', ಎಂದರೆ ಹಂದಿ. ಹರಿಯುವ ತೈಲವೇ ಅದನ್ನು ಮುಂದಕ್ಕೆ ನೂಕಿಕೊಂಡು ಹೋಗುತ್ತದೆ. ಅದರೊಳಗಿನ ಬಲವಾದ ಅಯಸ್ಕಾಂತಗಳು ಕೊಳವೆಯ ಉಕ್ಕಿನ ಗೋಡೆಯನ್ನು ಕಾಂತೀಯಗೊಳಿಸುತ್ತವೆ. ಗೋಡೆ ತೆಳುವಾದೆಡೆಯಲ್ಲಿ ಕಾಂತಕ್ಷೇತ್ರವು ಹೊರಸೂಸುವುದರಿಂದ ಆ ಸ್ಥಳ ದಾಖಲಾಗುತ್ತದೆ. ಯಾತ್ರೆ ಮುಗಿಸಿದ ಯಂತ್ರವು ಒಪ್ಪಿಸುವ ವರದಿಯಲ್ಲಿ ಒಂದೆರಡಲ್ಲ, ನೂರಾರು ಸಾವಿರಾರು ಲೋಪಗಳು ನಮೂದಾಗಿರುವುದುಂಟು. ಅವುಗಳಲ್ಲಿ ಯಾವುದನ್ನು ಇಂದೇ ಅಗೆದು ದುರಸ್ತಿ ಮಾಡಬೇಕು, ಯಾವುದನ್ನು ಮುಂದಿನ ತಪಾಸಣೆಯವರೆಗೆ ಬಿಡಬಹುದು ಎಂಬ ವಿವೇಚನೆಯಲ್ಲಿಯೇ ಎಂಜಿನಿಯರನ ಬುದ್ಧಿಯ ಪರೀಕ್ಷೆ.

ಗಣಕಯಂತ್ರದ ಲೇಖನದಲ್ಲಿ ತೈಲದ ಕೊಳವೆ ಏಕೆ ಬಂತೆಂದು ವಾಚಕರು ಕೇಳಬಹುದು. 2021ರ ಮೇ 7ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಕೊಳವೆ ಮಾರ್ಗವು ಸ್ಥಗಿತಗೊಂಡಿತು. ಸುಮಾರು 8,850 ಕಿಲೋಮೀಟರು ಉದ್ದದ ಆ ಕೊಳವೆಗೆ ಸೂಜಿಮೊನೆಯಷ್ಟೂ ತೂತು ಬಿದ್ದಿರಲಿಲ್ಲ. ತೂತು ಬಿದ್ದಿದ್ದುದು ಸಂಸ್ಥೆಯ ಗಣಕ ವ್ಯವಸ್ಥೆಗೆ. ಬಳಕೆಯಲ್ಲಿಲ್ಲದ ಹಳೆಯದೊಂದು ಖಾತೆಯ ಗುಪ್ತಪದವನ್ನು ಹಿಡಿದು ದುಷ್ಕರ್ಮಿಗಳು ಒಳಹೊಕ್ಕು, ಕಡತಗಳನ್ನೆಲ್ಲ ಬೀಗ ಹಾಕಿದಂತೆ ಮಾಡಿ, ಸುಮಾರು 44 ಲಕ್ಷ ಡಾಲರುಗಳ ಸುಲಿಗೆ ಹಣವನ್ನು ಪಡೆದರು. ಪೂರ್ವ ತೀರದ ರಾಜ್ಯಗಳಲ್ಲಿ ಪೆಟ್ರೋಲು ಬಂಕುಗಳ ಮುಂದೆ ವಾಹನಗಳ ಸಾಲುಗಳು ನಿಂತವು. ಉಕ್ಕಿನ ಕೊಳವೆಗಿರುವಷ್ಟೇ ಎಚ್ಚರಿಕೆಯ ತಪಾಸಣೆ ಗಣಕದ ಕ್ರಮವಿಧಿಗಳಿಗೂ ಬೇಕೆಂಬುದು ಆ ವಾರದಲ್ಲಿ ಅನೇಕರಿಗೆ ಮನದಟ್ಟಾಯಿತು.

ಇನ್ನು ಪ್ರಸ್ತುತ ವಿಷಯಕ್ಕೆ ಬರೋಣ. ಇಂದು ಸರ್ಕಾರದ ಪೋರ್ಟಲುಗಳು, ಬ್ಯಾಂಕುಗಳ ವ್ಯವಹಾರ, ಶಾಲೆಗಳ ದಾಖಲಾತಿ ಮೊದಲಾದ ಕಾರ್ಯಗಳು ಹೆಚ್ಚಾಗಿ 'ಕ್ಲೌಡ್' ಎಂಬ ಬಾಡಿಗೆಯ ಗಣಕಗಳ ಮೇಲೆ ನಡೆಯುತ್ತಿವೆ. ಹೆಸರಿನಲ್ಲಿ ಮೋಡವಿದ್ದರೂ ಇವು ಮುಂಬಯಿ, ಹೈದರಾಬಾದು, ಪುಣೆ ಮೊದಲಾದ ನಗರಗಳಲ್ಲಿ ನೆಲದ ಮೇಲೆಯೇ ಇರುವ ದೊಡ್ಡ ಕಟ್ಟಡಗಳಲ್ಲಿನ ಯಂತ್ರಗಳೇ ಆಗಿವೆ. ಆ ಯಂತ್ರಗಳ ಮೇಲೆ ಕ್ರಮವಿಧಿಗಳನ್ನು ನಡೆಯಿಸುವ ಈಗಿನ ರೂಢಿಯ ವಿಧಾನವೇ 'ಕಂಟೇನರ್'.

ಪಣಂಬೂರಿನ ಬಂದರಿನಲ್ಲಿ ಹಡಗಿಗೇರುವ ಕಬ್ಬಿಣದ ದೊಡ್ಡ ಪೆಟ್ಟಿಗೆಗಳನ್ನು ನಮ್ಮ ಜಿಲ್ಲೆಯವರೆಲ್ಲ ಕಂಡವರೇ. 1956ರಲ್ಲಿ ಮಾಲ್ಕಂ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲಿಕನು ಇಂಥ 58 ಪೆಟ್ಟಿಗೆಗಳನ್ನು ಒಂದೇ ಹಡಗಿನಲ್ಲಿ ಕಳುಹಿಸಿದಂದಿನಿಂದ ಜಗತ್ತಿನ ಸರಕುಸಾಗಣೆಯ ರೀತಿಯೇ ಬದಲಾಯಿತು. ಒಳಗೆ ಗೋಡಂಬಿಯಿರಲಿ, ಯಂತ್ರದ ಬಿಡಿಭಾಗಗಳಿರಲಿ, ಹೊರಗಿನ ಅಳತೆ ಒಂದೇ ಆದುದರಿಂದ ಕ್ರೇನಿಗೂ ಲಾರಿಗೂ ಹಡಗಿಗೂ ಒಳಗಿನ ವಸ್ತುವಿನ ಗೊಡವೆಯಿಲ್ಲ. ಗಣಕದ ಕಂಟೇನರಿನ ತತ್ತ್ವವೂ ಇದೇ. ಕ್ರಮವಿಧಿಯನ್ನೂ, ಅದು ನಡೆಯಲು ಬೇಕಾದ ಸಹಾಯಕ ಕಡತಗಳೆಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಯಾವ ಯಂತ್ರದ ಮೇಲಾದರೂ ಬಿಚ್ಚಿ ನಡೆಯಿಸುವಂತೆ ಮಾಡುವುದು. 2013ರಲ್ಲಿ ಡಾಕರ್ ಎಂಬ ಸಾಧನವು ಇದನ್ನು ಸುಲಭಗೊಳಿಸಿತು. 2014ರಲ್ಲಿ ಗೂಗಲ್ ಸಂಸ್ಥೆಯು ಪ್ರಕಟಿಸಿದ ಕುಬರ್ನೆಟೀಸ್ ಎಂಬ ವ್ಯವಸ್ಥೆಯು ಸಾವಿರಾರು ಕಂಟೇನರುಗಳನ್ನು ನೂರಾರು ಯಂತ್ರಗಳ ಮೇಲೆ ಹಂಚಿ ನಡೆಯಿಸುವ ಪಾರುಪತ್ಯವನ್ನು ವಹಿಸಿಕೊಂಡಿತು.

ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ಗಮನಿಸಬೇಕು. ಕಟ್ಟಿಟ್ಟ ಗಂಟಿಗೆ 'ಇಮೇಜ್' ಎಂದು ಹೆಸರು. ಅದನ್ನು ಬಿಚ್ಚಿ ನಡೆಯಿಸಿದಾಗ ಅದು ಕಂಟೇನರ್ ಎನಿಸುತ್ತದೆ. ಆಲೆಮನೆಯ ಅಚ್ಚಿಗೂ ಅದರಿಂದ ಹೊರಬರುವ ಅಚ್ಚುಬೆಲ್ಲಕ್ಕೂ ಇರುವ ಸಂಬಂಧ ಇದು. ಒಂದು ಅಚ್ಚಿನಿಂದ ನೂರು ಬೆಲ್ಲಗಳನ್ನು ತೆಗೆಯಬಹುದು. ಅಚ್ಚಿನಲ್ಲಿ ಬಿರುಕಿದ್ದರೆ ನೂರರಲ್ಲಿಯೂ ಆ ಬಿರುಕಿನ ಗುರುತು ಮೂಡಿರುತ್ತದೆ. ಕೈಗೆ ಬಂದ ಬೆಲ್ಲವನ್ನು ಕೆರೆದು ಸರಿಮಾಡಿದರೆ ಪ್ರಯೋಜನವಿಲ್ಲ. ನಾಳೆ ತೆಗೆಯುವ ಬೆಲ್ಲದಲ್ಲಿ ಅದೇ ದೋಷ ಮತ್ತೆ ಬರುವುದು. ಆದುದರಿಂದ ನಡೆಯುತ್ತಿರುವ ಕಂಟೇನರಿನೊಳಹೊಕ್ಕು ರಿಪೇರಿ ಮಾಡುವುದು ಈ ಪದ್ಧತಿಯಲ್ಲಿ ಸಲ್ಲದು. ಅಚ್ಚನ್ನೇ ಹೊಸದಾಗಿ ಕಡೆದು, ಹಳೆಯ ಬೆಲ್ಲಗಳನ್ನು ತೆಗೆದು ಹೊಸವನ್ನಿಡಬೇಕು. ಈ ಒಂದು ಮಾತನ್ನು ಅರಿತವರಿಗೆ ಮುಂದಿನದೆಲ್ಲ ಸುಲಭ.

ದೌರ್ಬಲ್ಯ ಎಲ್ಲಿಂದ ಬರುತ್ತದೆ? ಕ್ರಮವಿಧಿಯನ್ನು ಬರೆದವನ ಸ್ವಂತ ಬರವಣಿಗೆ ಇಮೇಜಿನಲ್ಲಿ ಸ್ವಲ್ಪ ಭಾಗ ಮಾತ್ರ. ಉಳಿದುದೆಲ್ಲ ಇತರರಿಂದ ಎರವಲು ತಂದದ್ದು: ತಳದಲ್ಲಿ ಒಂದು ಲೈನಕ್ಸ್ ವ್ಯವಸ್ಥೆ, ಅದರ ಮೇಲೆ ಭಾಷೆಯ ಸಲಕರಣೆಗಳು, ಅದರ ಮೇಲೆ ಹತ್ತಾರು ಗ್ರಂಥಾಲಯಗಳು, ಅವು ತಮ್ಮ ಪಾಲಿಗೆ ಕರೆತರುವ ಮತ್ತೆ ನೂರಾರು ಗ್ರಂಥಾಲಯಗಳು. ಮಠದ ದಾಸೋಹದಲ್ಲಿ ಸಾರು ಮಾಡುವವರು ಮಠದವರೇ ಆದರೂ ಬೇಳೆ ಕಲಬುರಗಿಯದು, ಮೆಣಸಿನಕಾಯಿ ಬ್ಯಾಡಗಿಯದು, ಅಕ್ಕಿ ಗಂಗಾವತಿಯದು. ಅವುಗಳಲ್ಲಿ ಯಾವುದರಲ್ಲಿ ಹುಳು ಬಿದ್ದರೂ ಪಂಕ್ತಿಯಲ್ಲಿ ಕುಳಿತವರಿಗೆ ಅನಾರೋಗ್ಯ.

ಇಂಥ ಎರವಲು ಭಾಗಗಳಲ್ಲಿ ಯಾವುದಾದರೂ ಲೋಪ ಪತ್ತೆಯಾದಾಗ ಅದಕ್ಕೊಂದು ಸಂಖ್ಯೆಯನ್ನು ಕೊಟ್ಟು ಪ್ರಕಟಿಸುವ ಪದ್ಧತಿಯು 1999ರಿಂದ ನಡೆದುಬಂದಿದೆ. ಅಮೆರಿಕದ ಮೈಟರ್ ಎಂಬ ಸಂಸ್ಥೆಯು ನಡೆಯಿಸುವ ಈ ಪಟ್ಟಿಗೆ ಸಿ.ವಿ.ಇ. ಎಂದು ಹೆಸರು. ಜಗತ್ತಿನ ಸಕಲ ತಪಾಸಣೆಗಳೂ ಈ ಪಟ್ಟಿಯನ್ನು ನೆಚ್ಚಿವೆ. 2025ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರದ ಧನಸಹಾಯದ ಕರಾರು ಮುಗಿಯುವ ಅಂಚಿಗೆ ಬಂದು, ಕೊನೆಯ ಗಳಿಗೆಯಲ್ಲಿ ಅದನ್ನು ಮುಂದುವರಿಸಲಾಯಿತು. ಲೋಕದ ಭದ್ರತೆಯೆಲ್ಲ ಒಂದು ದೇಶದ ಒಂದು ಕರಾರಿನ ಮೇಲೆ ನಿಂತಿರುವುದು ಅಷ್ಟೊಂದು ನೆಮ್ಮದಿಯ ಸಂಗತಿಯಲ್ಲವೆಂದು ನನ್ನ ಅಭಿಪ್ರಾಯ.

ಎರವಲಿನ ಅಪಾಯವನ್ನು ಜಗತ್ತಿಗೆ ಕಲಿಸಿದ್ದು 2021ರ ಡಿಸೆಂಬರ್ ತಿಂಗಳು. ಜಾವಾ ಭಾಷೆಯ ಕ್ರಮವಿಧಿಗಳಲ್ಲಿ ದಿನಚರಿ ಬರೆದಿಡಲು ಬಳಸುವ ಲಾಗ್‌ಫೋರ್‌ಜೆ ಎಂಬ ಪುಟ್ಟ ಗ್ರಂಥಾಲಯವೊಂದುಂಟು. ಅದು ಬರೆದಿಡುವ ಸಾಲಿನಲ್ಲಿ ನಿರ್ದಿಷ್ಟ ಅಕ್ಷರಗಳ ಜೋಡಣೆಯೊಂದು ಬಂದರೆ, ಆ ಗ್ರಂಥಾಲಯವು ಹೊರಗಿನ ಗಣಕವೊಂದನ್ನು ಸಂಪರ್ಕಿಸಿ, ಅಲ್ಲಿಂದ ಬಂದ ಆಜ್ಞೆಯನ್ನು ನಡೆಯಿಸಿಬಿಡುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಬರೆದ ಒಂದು ಸಾಲನ್ನು ಓದಿ ಗುಮಾಸ್ತನು ತಿಜೋರಿಯ ಬೀಗವನ್ನು ತೆರೆದಂತೆ ಇದು. ಸಿವಿಇ-2021-44228 ಎಂಬ ಸಂಖ್ಯೆಯನ್ನು ಪಡೆದ ಈ ಲೋಪಕ್ಕೆ ತೀವ್ರತೆಯ ಅಳತೆಯಲ್ಲಿ ಹತ್ತಕ್ಕೆ ಹತ್ತು ಅಂಕಗಳು ದೊರೆತವು. ಪರಿಹಾರದ ಆವೃತ್ತಿ ಕೂಡಲೇ ಸಿದ್ಧವಾಯಿತು. ಅದರಲ್ಲಿಯೂ ಕೊರತೆಗಳು ಕಂಡುಬಂದು ಆ ತಿಂಗಳಲ್ಲಿ ಮತ್ತೆ ಮತ್ತೆ ಹೊಸ ಆವೃತ್ತಿಗಳು ಬಂದವು. ಆದರೆ ನಿಜವಾದ ಕಷ್ಟ ಪರಿಹಾರದ್ದಲ್ಲ, ಪತ್ತೆಯದು. ತಮ್ಮ ಯಾವ ಇಮೇಜಿನೊಳಗೆ, ಯಾವ ಗಂಟಿನೊಳಗಿನ ಯಾವ ಗಂಟಿನಲ್ಲಿ ಈ ಗ್ರಂಥಾಲಯ ಅಡಗಿದೆಯೆಂಬುದೇ ಬಹುಮಂದಿಗೆ ಗೊತ್ತಿರಲಿಲ್ಲ. ಮೊದಲೇ ತಪಾಸಣೆಯ ವ್ಯವಸ್ಥೆಯಿದ್ದವರು ಪಟ್ಟಿಯನ್ನು ತೆರೆದು ನೋಡಿದರು. ಇಲ್ಲದವರು ವಾರಗಟ್ಟಲೆ ಹುಡುಕಿದರು.

ಇತರರ ದೋಷವನ್ನೇ ಹುಡುಕುವವನನ್ನು 'ಛಿದ್ರಾನ್ವೇಷಿ' ಎಂದು ಹೀಗಳೆಯುವುದು ನಮ್ಮಲ್ಲಿ ರೂಢಿ. ಗಣಕ ವ್ಯವಹಾರದಲ್ಲಿ ಮಾತ್ರ ಅವನೇ ಪರಮಮಿತ್ರ. ಅವನ ಕೆಲಸವನ್ನು ಯಂತ್ರಕ್ಕೆ ವಹಿಸುವುದೇ ದೌರ್ಬಲ್ಯ ತಪಾಸಣೆ ಅಥವಾ ಸ್ಕ್ಯಾನಿಂಗ್.

ಈ ಸ್ಕ್ಯಾನರ್ ಯಂತ್ರದ ಮೇಲೆ ದಾಳಿ ಮಾಡಿ ನೋಡುತ್ತದೆಯೆಂದು ಕೆಲವರು ಭಾವಿಸಿದ್ದಾರೆ. ಹಾಗಲ್ಲ. ಲೈನಕ್ಸ್ ವ್ಯವಸ್ಥೆಯೊಳಗೆ ಯಾವ ಯಾವ ಭಾಗಗಳ ಯಾವ ಯಾವ ಆವೃತ್ತಿಗಳನ್ನು ಸ್ಥಾಪಿಸಲಾಗಿದೆಯೆಂಬ ಒಂದು ದಾಸ್ತಾನು ಪುಸ್ತಕವಿರುತ್ತದೆ. ಇಮೇಜಿನ ಒಂದೊಂದು ಪದರವನ್ನೂ ಬಿಚ್ಚಿ, ಈ ಪುಸ್ತಕವನ್ನೂ ಗ್ರಂಥಾಲಯಗಳ ಪಟ್ಟಿಗಳನ್ನೂ ಓದಿ, ಪ್ರಕಟಿತ ಲೋಪಗಳ ಪಟ್ಟಿಯೊಂದಿಗೆ ತಾಳೆ ನೋಡುವುದಷ್ಟೇ ಅದರ ಕೆಲಸ. ಅದರ ಶಕ್ತಿ ಇರುವುದೂ ಮಿತಿ ಇರುವುದೂ ಇಲ್ಲಿಯೇ. ದಾಸ್ತಾನು ಪುಸ್ತಕದಲ್ಲಿ ನಮೂದಿಸದೆ ಕೈಯಾರೆ ತಂದಿಟ್ಟ ಕಡತವು ಅದರ ಕಣ್ಣಿಗೆ ಬೀಳದೆ ಹೋಗಬಹುದು. ಡೆಬಿಯನ್, ರೆಡ್‌ಹ್ಯಾಟ್ ಮೊದಲಾದ ವಿತರಕರು ಆವೃತ್ತಿಯ ಸಂಖ್ಯೆಯನ್ನು ಹಳೆಯದಾಗಿಯೇ ಉಳಿಸಿ ಒಳಗಿನ ಲೋಪವನ್ನು ಮಾತ್ರ ತಿದ್ದುವುದುಂಟು. ಅದನ್ನರಿಯದ ಸ್ಕ್ಯಾನರ್ ಗುಣವಾದ ರೋಗಿಯನ್ನೂ ರೋಗಿಯೆಂದೇ ಬರೆಯುತ್ತದೆ. ಇದಕ್ಕಿಂತ ಕಪಟವಾದ ಸಂದರ್ಭವೊಂದಿದೆ. ವಿತರಕರ ಪೋಷಣೆ ಮುಗಿದುಹೋದ ಹಳೆಯ ವ್ಯವಸ್ಥೆಗೆ ಹೊಸ ಲೋಪಗಳ ಪ್ರಕಟಣೆಗಳೇ ನಿಂತುಹೋಗುತ್ತವೆ. ಆಗ ವರದಿಯಲ್ಲಿ ಕೆಲವೇ ದೋಷಗಳು ಕಾಣಿಸಿ, ನೋಡಿದವರು ಸಮಾಧಾನಪಡುತ್ತಾರೆ. ವೈದ್ಯರು ಬರುವುದನ್ನು ನಿಲ್ಲಿಸಿದ ಮನೆಯಲ್ಲಿ ರೋಗವಿಲ್ಲವೆಂದು ತಿಳಿದಂತೆ ಇದು. ಉದಾಹರಣೆಗೆ ಸೆಂಟ್ಓಎಸ್ 7 ಎಂಬ ವ್ಯವಸ್ಥೆಯ ಪೋಷಣೆಯು 2024ರ ಜೂನ್ 30ಕ್ಕೆ ಮುಗಿಯಿತು. ಅದರ ಮೇಲೆ ಕಟ್ಟಿದ ಇಮೇಜುಗಳ ವರದಿ ಎಷ್ಟು ಚೆನ್ನಾಗಿದ್ದರೂ ನಂಬಬಾರದು.

ತಪಾಸಣೆಯನ್ನು ಜಾರಿಗೆ ತರುವ ಕ್ರಮವನ್ನು ಮಠದ ಉಗ್ರಾಣದ ರೀತಿಯಲ್ಲಿಯೇ ತಿಳಿಯಬಹುದು. ಮೂಟೆ ಬಂದಾಗ ಬಾಗಿಲಲ್ಲಿ ನೋಡುವುದು, ಉಗ್ರಾಣದಲ್ಲಿಟ್ಟ ಮೂಟೆಗಳನ್ನು ಆಗಾಗ ಬಿಚ್ಚಿ ನೋಡುವುದು, ಒಲೆಯ ಮೇಲಿನ ಕೊಪ್ಪರಿಗೆಯ ಮೇಲೆ ಕಣ್ಣಿಡುವುದು ಎಂಬ ಮೂರೂ ಬೇಕು.

ಕ್ಲೌಡಿನಲ್ಲಿ ಇಮೇಜುಗಳನ್ನು ಇರಿಸುವ ಉಗ್ರಾಣಕ್ಕೆ 'ರಿಜಿಸ್ಟ್ರಿ' ಎಂದು ಹೆಸರು. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್, ಒರಾಕಲ್ ಈ ಎಲ್ಲ ಸಂಸ್ಥೆಗಳ ರಿಜಿಸ್ಟ್ರಿಗಳಲ್ಲಿಯೂ ತಪಾಸಣೆಯ ಸೌಲಭ್ಯವಿದೆ. ಅಮೆಜಾನ್ ಸಂಸ್ಥೆಯು ಇಮೇಜು ಬಂದೊಡನೆ ಸ್ಕ್ಯಾನ್ ಮಾಡುವ ಏರ್ಪಾಟನ್ನು 2019ರಲ್ಲಿಯೂ, ಇಟ್ಟ ಇಮೇಜುಗಳನ್ನು ಸತತವಾಗಿ ನೋಡುತ್ತಿರುವ ಏರ್ಪಾಟನ್ನು 2021ರಲ್ಲಿಯೂ ಒದಗಿಸಿತು. ಆದರೆ ಸೌಲಭ್ಯವಿದೆಯೆಂದ ಮಾತ್ರಕ್ಕೆ ಅದು ನಡೆಯುತ್ತಿದೆಯೆಂದು ತಿಳಿಯಬಾರದು. ನಿರ್ವಾಹಕನು ಅದನ್ನು ಚಾಲೂ ಮಾಡಬೇಕು. ಹಲವು ಕಡೆ ಅದಕ್ಕೆ ಪ್ರತ್ಯೇಕ ಶುಲ್ಕವೂ ಉಂಟು. ಹಾಗೆಯೇ ಸ್ಕ್ಯಾನ್ ಮಾಡುವ ಸೇವೆಗೆ ಇಮೇಜುಗಳನ್ನು ಓದುವ ಅಧಿಕಾರವನ್ನು ಕೊಡಬೇಕು. ಓದುವ ಅಧಿಕಾರ ಮಾತ್ರ, ಬದಲಾಯಿಸುವ ಅಧಿಕಾರವನ್ನಲ್ಲ. ಕಾವಲುಗಾರನಿಗೆ ತಿಜೋರಿಯ ಬೀಗದಕೈಯನ್ನೂ ಕೊಡುವ ಪ್ರಮಾದ ಇಂದಿಗೂ ನಡೆಯುತ್ತಲೇ ಇದೆ.

ಇಲ್ಲಿ ಬಹುಮಂದಿ ಎಡವುವ ಸೂಕ್ಷ್ಮವೊಂದಿದೆ. ಗೂಗಲ್ ಸಂಸ್ಥೆಯ ಸೇವೆಯಲ್ಲಿ ಸ್ಕ್ಯಾನಿಂಗನ್ನು ಚಾಲೂ ಮಾಡುವ ಮೊದಲೇ ಉಗ್ರಾಣದಲ್ಲಿದ್ದ ಇಮೇಜುಗಳು ತಾವಾಗಿ ತಪಾಸಣೆಗೆ ಒಳಗಾಗವು. ಅವನ್ನು ಮತ್ತೊಮ್ಮೆ ತಂದಿರಿಸಬೇಕು. ತಪಾಸಣೆಯಾದವುಗಳಲ್ಲಿಯೂ ಬಹುದಿನ ಯಾರೂ ಮುಟ್ಟದ ಇಮೇಜುಗಳ ವರದಿಯು ಹೊಸತಾಗುವುದು ನಿಂತುಹೋಗುತ್ತದೆ. ಆರು ತಿಂಗಳ ಹಿಂದೆ ಇಟ್ಟು, ಅಂದಿನಿಂದ ಬದಲಿಸದೆ ನಡೆಯಿಸುತ್ತಿರುವ ಕ್ರಮವಿಧಿಯೇ ಹೆಚ್ಚಿನ ಅಪಾಯದ್ದಾದರೂ, ಹಳೆಯ ವರದಿಯನ್ನು ಹಿಡಿದುಕೊಂಡು 'ನಮ್ಮಲ್ಲಿ ಸ್ಕ್ಯಾನಿಂಗ್ ಇದೆ' ಎಂದು ಹೇಳುವವರುಂಟು. ಇಮೇಜು ಬದಲಾಗದಿದ್ದರೂ ಲೋಕದ ಅರಿವು ಬದಲಾಗುತ್ತಿರುತ್ತದೆ. ನಿನ್ನೆ ನಿರ್ದೋಷವೆನಿಸಿದ ಅಕ್ಕಿಯಲ್ಲಿ ಇಂದು ಹುಳು ಕಾಣಿಸಿಕೊಂಡಂತೆ, ನಿನ್ನೆ ಶುದ್ಧವೆನಿಸಿದ ಗ್ರಂಥಾಲಯದಲ್ಲಿ ಇಂದು ಲೋಪ ಪ್ರಕಟವಾಗುತ್ತದೆ.

ಕೊಪ್ಪರಿಗೆಯ ಮೇಲೆ ಕಣ್ಣಿಡುವುದೆಂದರೆ, ಕುಬರ್ನೆಟೀಸ್ ವ್ಯವಸ್ಥೆಯಲ್ಲಿ ಈ ಗಳಿಗೆಯಲ್ಲಿ ಯಾವ ಇಮೇಜುಗಳು ನಡೆಯುತ್ತಿವೆಯೆಂದು ನೋಡುವುದು. ಇದಕ್ಕಾಗಿ ಯಂತ್ರಕ್ಕೊಂದರಂತೆ ಸಣ್ಣ ಕಾವಲು ಕ್ರಮವಿಧಿಯನ್ನು ಇರಿಸುವ ಪದ್ಧತಿಯೊಂದು. ಯಂತ್ರದ ಡಿಸ್ಕಿನ ಪ್ರತಿಯನ್ನು ತೆಗೆದು ಹೊರಗಿನಿಂದಲೇ ನೋಡುವ ಪದ್ಧತಿ ಇನ್ನೊಂದು. ಉಗ್ರಾಣದಲ್ಲಿ ಸಾವಿರ ಇಮೇಜುಗಳಿದ್ದು ನಡೆಯುತ್ತಿರುವವು ನಲವತ್ತೇ ಆಗಿದ್ದರೆ, ಮೊದಲು ದೃಷ್ಟಿ ಹೋಗಬೇಕಾದದ್ದು ಆ ನಲವತ್ತರ ಕಡೆಗೆ. ಇದರ ಜೊತೆಗೆ ಅಡುಗೆಮನೆಯ ಬಾಗಿಲಲ್ಲಿಯೇ ತಡೆಯುವ ದ್ವಾರಪಾಲಕನನ್ನೂ ನಿಲ್ಲಿಸಬಹುದು: ತೀವ್ರ ಲೋಪವಿರುವ, ಅಥವಾ ತಪಾಸಣೆಯೇ ಆಗದ ಇಮೇಜನ್ನು ನಡೆಯಿಸಲು ಅವನು ಬಿಡುವುದಿಲ್ಲ. ಇದನ್ನು ಮೊದಲ ದಿನವೇ ಕಟ್ಟುನಿಟ್ಟಾಗಿ ಜಾರಿಗೆ ತಂದ ಉತ್ಸಾಹಿಗಳು ಮರುದಿನ ಬೆಳಗ್ಗೆ ತಮ್ಮ ಅರ್ಧ ಸೇವೆಗಳು ನಿಂತಿರುವುದನ್ನು ಕಂಡಾರು. ಕೆಲವು ವಾರ ಎಚ್ಚರಿಕೆಯನ್ನಷ್ಟೇ ಕೊಡುವಂತೆ ಮಾಡಿ, ಹಳೆಯ ದೋಷಗಳನ್ನು ಕಳೆದು, ಅನಂತರ ತಡೆಯುವಂತೆ ಮಾಡುವುದು ವಿವೇಕ.

ಹಣವಿಲ್ಲದ ಸಣ್ಣ ಸಂಸ್ಥೆಗಳಿಗೂ ದಾರಿಯಿದೆ. 2019ರಲ್ಲಿ ಬಂದ ಟ್ರಿವಿ ಎಂಬ ಮುಕ್ತ ತಂತ್ರಾಂಶವನ್ನು ಯಾರಾದರೂ ಉಚಿತವಾಗಿ ಪಡೆದು, ತಮ್ಮ ಗಣಕದಲ್ಲಿಯೇ ಇಮೇಜನ್ನು ತಪಾಸಿಸಬಹುದು.

ಇನ್ನು ವರದಿಯ ಮಾತು. ಮೊದಲ ತಪಾಸಣೆಯ ವರದಿಯನ್ನು ಕಂಡವರ ಎದೆ ಒಡೆಯುವುದು ಸಹಜ. ಸಾಮಾನ್ಯವಾದ ಒಂದು ಇಮೇಜಿನಲ್ಲಿಯೂ ನೂರಾರು ಲೋಪಗಳು ಕಾಣಿಸುವುದುಂಟು. ಅವುಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕಗಳಿರುತ್ತವೆ. 9 ಮತ್ತು ಅದಕ್ಕೆ ಮೇಲ್ಪಟ್ಟದ್ದು ಅತಿತೀವ್ರ, 7ರಿಂದ 8.9ರವರೆಗಿನದು ತೀವ್ರ. ಅಂಕವನ್ನೇ ನೆಚ್ಚಿ ಮೇಲಿನಿಂದ ಕೆಳಕ್ಕೆ ತಿದ್ದುತ್ತ ಹೊರಟವನು ವರ್ಷವಿಡೀ ತಿದ್ದುತ್ತಲೇ ಇರಬೇಕಾದೀತು. ನೆರಿಯದ ಮಣ್ಣಿನಡಿಯಂಥ ಕೊಳವೆಯ ವರದಿಯನ್ನು ಓದುವ ಎಂಜಿನಿಯರನ ವಿವೇಚನೆ ಇಲ್ಲಿಯೂ ಬೇಕು. ಗೋಡೆ ಸವೆದಿರುವುದು ನದಿಯ ಬಳಿಯೋ, ಬರಡು ಗುಡ್ಡದಲ್ಲೋ? ಈ ಲೋಪವನ್ನು ದುಷ್ಕರ್ಮಿಗಳು ಈಗಾಗಲೇ ಬಳಸುತ್ತಿದ್ದಾರೆಯೋ? ಅಮೆರಿಕ ಸರ್ಕಾರದ ಸೀಸಾ ಎಂಬ ಇಲಾಖೆಯು ಅಂಥ ಲೋಪಗಳ ಪಟ್ಟಿಯನ್ನು 2021ರ ನವೆಂಬರಿನಿಂದ ಪ್ರಕಟಿಸುತ್ತಿದೆ. ಅದನ್ನು ಯಾರು ಬೇಕಾದರೂ ನೋಡಬಹುದು. ಲೋಪವಿರುವ ಕಂಟೇನರು ಹೊರಗಿನ ಲೋಕಕ್ಕೆ ತೆರೆದುಕೊಂಡಿದೆಯೋ? ಅದರ ಹಿಂದೆ ಇರುವುದು ಮಕ್ಕಳ ಹೆಸರು, ವಿಳಾಸಗಳೋ, ಇಲ್ಲವೆ ಸಾರ್ವಜನಿಕ ರಜೆಗಳ ಪಟ್ಟಿಯೋ?

ಲೋಪಗಳ ಸಂಖ್ಯೆಯನ್ನು ಬುಡದಲ್ಲಿಯೇ ತಗ್ಗಿಸುವ ಉಪಾಯವೊಂದುಂಟು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. ದಿನದ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದುತಂದ ಗಂಡನಿಗೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಆ ಮಹಾತಾಯಿ ಹೇಳಿದಳಷ್ಟೆ. ಇಮೇಜು ಕಟ್ಟುವವರಿಗೆ ಇದಕ್ಕಿಂತ ಉತ್ತಮ ಉಪದೇಶವಿಲ್ಲ. ಕ್ರಮವಿಧಿ ನಡೆಯಲು ಬೇಡವಾದ ಸಂಪಾದಕಗಳು, ಜಾಲ ಸಲಕರಣೆಗಳು, ಆಜ್ಞಾವಾಚಕಗಳು ಇವೆಲ್ಲವೂ ಇಮೇಜಿನೊಳಗೆ ಸುಮ್ಮನೆ ಕುಳಿತಿರುತ್ತವೆ. ಒಂದೊಂದೂ ತನ್ನ ಪಾಲಿನ ಲೋಪಗಳನ್ನು ಹೊತ್ತಿರುತ್ತದೆ. ಆಲ್ಪೈನ್ ಎಂಬ ತಳದ ವ್ಯವಸ್ಥೆಯ ಗಾತ್ರ ಸುಮಾರು 5 ಮೆಗಾಬೈಟುಗಳು ಮಾತ್ರ. ಅಷ್ಟರಲ್ಲಿಯೇ ಕೆಲಸ ಸಾಗುವುದಾದರೆ ಅದರ ಹತ್ತಾರು ಪಟ್ಟು ಭಾರವನ್ನು ಹೊರುವುದೇಕೆ?

ವರದಿ ಬಂದರೂ ಅನಾಹುತ ತಪ್ಪದ ನಿದರ್ಶನಕ್ಕೆ 2017ರ ಇಕ್ವಿಫ್ಯಾಕ್ಸ್ ಪ್ರಕರಣವನ್ನು ನೋಡಬೇಕು. ಅಮೆರಿಕದ ಜನರ ಸಾಲದ ಚರಿತ್ರೆಯನ್ನು ಇಡುವ ಈ ಸಂಸ್ಥೆಯು ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶವನ್ನು ಬಳಸುತ್ತಿತ್ತು. ಆ ವರ್ಷದ ಮಾರ್ಚಿಯಲ್ಲಿ ಅದರ ಲೋಪವೂ ಪರಿಹಾರವೂ ಪ್ರಕಟವಾದವು. ಸಂಸ್ಥೆಯವರು ಸ್ಕ್ಯಾನ್ ಮಾಡಿಸದೆ ಇರಲಿಲ್ಲ. ಮಾರ್ಚ್ 15ರಂದು ಮಾಡಿಸಿದರು. ಆದರೆ ಸ್ಕ್ಯಾನರು ಲೋಪವಿದ್ದ ಜಾಗವನ್ನು ಮುಟ್ಟಲಿಲ್ಲ. ಏನೂ ಸಿಕ್ಕಲಿಲ್ಲವೆಂದು ಬರೆಯಿತು. ಮೇ ತಿಂಗಳಿನಲ್ಲಿ ಕಳ್ಳರು ಹೊಕ್ಕು 76 ದಿನ ಒಳಗಿದ್ದರು. ಸುಮಾರು 14.7 ಕೋಟಿ ಜನರ ವಿವರಗಳು ಹೋದವು. 'ಸಿಕ್ಕಲಿಲ್ಲ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ಇರುವ ಅಂತರ ಅಷ್ಟು ದುಬಾರಿಯಾಯಿತು.

ಸ್ಕ್ಯಾನರಿನ ಕೈಗೆ ಎಟುಕದ ಅಪಾಯಗಳೂ ಉಂಟು. ಕೇಂದ್ರ ಸರ್ಕಾರದ 'ದೀಕ್ಷಾ' ಎಂಬ ಶಿಕ್ಷಣ ವೇದಿಕೆಯನ್ನು ನಮ್ಮ ಶಿಕ್ಷಕರೆಲ್ಲ ಬಲ್ಲರು. ನಾವು ಮಠದಲ್ಲಿ ಪಡೆಯುವ ದೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ. 2017ರಲ್ಲಿ ಆರಂಭವಾದ ಇದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನವು ಸಿದ್ಧಪಡಿಸಿದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಆ ತಂತ್ರಾಂಶವನ್ನು ಕಂಟೇನರುಗಳಲ್ಲಿಯೇ ನಡೆಯಿಸುತ್ತಾರೆ. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿನ ಚೌಕಾಕಾರದ ಸಂಕೇತಗಳು ಮಕ್ಕಳನ್ನು ಕರೆದೊಯ್ಯುವುದು ಅಲ್ಲಿಗೇ. 2023ರ ಜನವರಿಯಲ್ಲಿ ಪ್ರಕಟವಾದ ವರದಿಯ ಪ್ರಕಾರ, ಈ ವೇದಿಕೆಯ ದತ್ತಾಂಶಗಳಿದ್ದ ಕ್ಲೌಡ್ ಶೇಖರಣಾ ಸ್ಥಳವೊಂದು ರಕ್ಷಣೆಯಿಲ್ಲದೆ ತೆರೆದಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ದೂರವಾಣಿ ಸಂಖ್ಯೆ, ಮಿಂಚಂಚೆಗಳೂ, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳೂ ಅಲ್ಲಿದ್ದವು. ಇಲ್ಲಿ ಯಾವ ಗ್ರಂಥಾಲಯದಲ್ಲಿಯೂ ಹುಳು ಬಿದ್ದಿರಲಿಲ್ಲ. ಉಗ್ರಾಣದ ಬಾಗಿಲನ್ನು ಮುಚ್ಚಲು ಮರೆತಿದ್ದರು. ಇಮೇಜುಗಳನ್ನು ಎಷ್ಟು ಸಲ ಸ್ಕ್ಯಾನ್ ಮಾಡಿದ್ದರೂ ಇದು ತಿಳಿಯುತ್ತಿರಲಿಲ್ಲ. ಅದಕ್ಕೆ ಕ್ಲೌಡಿನ ಏರ್ಪಾಟುಗಳನ್ನೇ ಪರಿಶೀಲಿಸುವ ಬೇರೆ ಬಗೆಯ ತಪಾಸಣೆ ಬೇಕು.

2024ರ ಮಾರ್ಚಿಯ ಎಕ್ಸ್‌ಝಡ್ ಪ್ರಕರಣ ಮತ್ತೊಂದು ಬಗೆಯದು. ಲೈನಕ್ಸಿನಲ್ಲಿ ಕಡತಗಳನ್ನು ಕುಗ್ಗಿಸುವ ಆ ಗ್ರಂಥಾಲಯಕ್ಕೆ, ಎರಡು ವರ್ಷಗಳ ಕಾಲ ವಿಶ್ವಾಸ ಗಳಿಸಿದ್ದ ಸಹಾಯಕನೊಬ್ಬನೇ ಕಳ್ಳಬಾಗಿಲನ್ನು ಕಟ್ಟಿಬಿಟ್ಟಿದ್ದನು. ಅದಕ್ಕಿನ್ನೂ ಸಿ.ವಿ.ಇ. ಸಂಖ್ಯೆಯೇ ಇರಲಿಲ್ಲವಾಗಿ ಯಾವ ಸ್ಕ್ಯಾನರೂ ಹಿಡಿಯಲಾರದಾಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರನು, ತನ್ನ ಗಣಕಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚಾಗಿ ತಗುಲುತ್ತಿರುವುದನ್ನು ಗಮನಿಸಿ, ಕಾರಣವನ್ನು ಬೆನ್ನಟ್ಟಿ ಅದನ್ನು ಬಯಲಿಗೆ ತಂದನು. ಅರ್ಧ ಸೆಕೆಂಡನ್ನು ಅಲಕ್ಷಿಸದ ಅಂಥ ಕಣ್ಣು ಯಾವ ಕ್ಲೌಡಿನಲ್ಲಿಯೂ ಬಾಡಿಗೆಗೆ ದೊರೆಯದು.

ನಮ್ಮ ದೇಶದಲ್ಲಿ ಕಾನೂನಿನ ಒತ್ತಾಯವೂ ಬಂದಿದೆ. ಗಣಕ ಭದ್ರತೆಯ ಘಟನೆಗಳನ್ನು ತಿಳಿದುಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಸಮಂಜಸವಾದ ರಕ್ಷಣಾಕ್ರಮಗಳನ್ನು ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿದೆ.

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತಾಯಿತು, ಶಾಲೆಗೇನು ಎಂಬ ಪ್ರಶ್ನೆಗೆ ನನ್ನ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ. ನನಗೆ ಪರಿಚಯವಿರುವ ವಿದ್ಯಾಸಂಸ್ಥೆಯೊಂದು ಮಕ್ಕಳ ದಾಖಲಾತಿ, ಶುಲ್ಕ, ಹಾಜರಿಗಳಿಗಾಗಿ ಖಾಸಗಿಯವರ ತಂತ್ರಾಂಶವೊಂದನ್ನು ಬಳಸುತ್ತಿತ್ತು. ತಂದೆತಾಯಿಗಳ ಆಧಾರ್ ಸಂಖ್ಯೆಯಿಂದ ಮಕ್ಕಳ ಜಾತಿ ಪ್ರಮಾಣಪತ್ರದವರೆಗೆ ಎಲ್ಲವೂ ಅದರೊಳಗಿದ್ದವು. ಅದರ ಭದ್ರತೆಯ ಬಗ್ಗೆ ಕೇಳಿದಾಗ, 'ನಮ್ಮದು ಕ್ಲೌಡಿನಲ್ಲಿದೆ ಸ್ವಾಮಿ, ಏನೂ ಭಯವಿಲ್ಲ' ಎಂಬ ಉತ್ತರ ಬಂದಿತು. ಕ್ಲೌಡಿನವರು ಕಟ್ಟಡವನ್ನೂ ಯಂತ್ರವನ್ನೂ ಕಾಯುತ್ತಾರೆ. ನೀವು ತಂದಿಟ್ಟ ಗಂಟಿನೊಳಗಿನ ಹುಳುವಿಗೆ ನೀವೇ ಹೊಣೆಯೆಂದು ಅವರ ಕರಾರುಗಳಲ್ಲಿಯೇ ಬರೆದಿರುತ್ತದೆ. ಆದುದರಿಂದ ಸಂಸ್ಥೆಯ ಮುಖ್ಯೋಪಾಧ್ಯಾಯರೂ ನಾನೂ ಕುಳಿತು ಮೂರು ಪ್ರಶ್ನೆಗಳ ಒಂದು ಪತ್ರವನ್ನು ಬರೆದೆವು. ಈಗ ನಡೆಯುತ್ತಿರುವ ಇಮೇಜುಗಳನ್ನು ಕಟ್ಟಿದ ದಿನಾಂಕಗಳೇನು? ಅವುಗಳ ತಳದ ವ್ಯವಸ್ಥೆ ಯಾವುದು, ಅದಕ್ಕೆ ಪೋಷಣೆ ಇನ್ನೂ ಉಂಟೆ? ಕಳೆದ ತಪಾಸಣೆಯ ವರದಿಯನ್ನು ಓದಿದವರು ಯಾರು, ಓದಿ ಏನು ಮಾಡಿದರು?

ಮೊದಲೆರಡು ಪ್ರಶ್ನೆಗಳಿಗೆ ವಾರದೊಳಗೆ ಉತ್ತರ ಬಂದಿತು: ಇಮೇಜುಗಳು ನಾಲ್ಕು ವರ್ಷಗಳಷ್ಟು ಹಳೆಯವು, ತಳದ ವ್ಯವಸ್ಥೆ ಸೆಂಟ್ಓಎಸ್ 7. ಮೂರನೆಯದಕ್ಕೆ ಉತ್ತರ ಬಂದುದು ಎರಡು ತಿಂಗಳ ತರುವಾಯ, ಅದೂ ದೂರವಾಣಿಯಲ್ಲಿ. ಸ್ಕ್ಯಾನಿಂಗ್ ಮೊದಲಿನಿಂದಲೂ ಚಾಲೂ ಇತ್ತಂತೆ. ವರದಿಗಳು ಹೋಗುತ್ತಿದ್ದುದು ಕೆಲಸ ಬಿಟ್ಟುಹೋದ ನೌಕರನೊಬ್ಬನ ಮಿಂಚಂಚೆಯ ವಿಳಾಸಕ್ಕೆ. ಆ ವಿಳಾಸವನ್ನು ಬದಲಾಯಿಸಿ, ಇಮೇಜುಗಳನ್ನು ಹೊಸದಾಗಿ ಕಟ್ಟಿ ಏರಿಸಿದುದು ಜೂನ್ ತಿಂಗಳಿನ ದಾಖಲಾತಿ ಆರಂಭವಾಗುವ ಹಿಂದಿನ ರಾತ್ರಿ.